ಕ್ಯಾಲ್ಕುಲೇಟರಿನಲ್ಲೇ ಧ್ರುವೀಯದಿಂದ ಆಯತ ರೂಪಕ್ಕೆ

ಸಂಮಿಶ್ರ ಸಂಖ್ಯೆಯನ್ನು ಧ್ರುವೀಯ ರೂಪದಿಂದ (ಪರಿಮಾಣ ಮತ್ತು ಕೋನ) ಆಯತ ರೂಪಕ್ಕೆ (ವಾಸ್ತವ ಮತ್ತು ಕಾಲ್ಪನಿಕ ಭಾಗ) ತರಲು ಕ್ಯಾಸಿಯೊ ಎಫ್‌ಎಕ್ಸ್-991ಎಂಎಸ್ ಕ್ಯಾಲ್ಕುಲೇಟರಿನಲ್ಲಿ ಶಿಫ್ಟ್ ಮತ್ತು ‘ಪೋಲ್’ ಕೀಲಿಗಳನ್ನು ಒತ್ತಿ, ತೆರೆದುಕೊಳ್ಳುವ ‘ರೆಕ್’ ಆವರಣದೊಳಗೆ ಪರಿಮಾಣ, ಅಲ್ಪವಿರಾಮ, ಕೋನ ಇವನ್ನು ಇದೇ ಕ್ರಮದಲ್ಲಿ ಕೊಟ್ಟರೆ ವಾಸ್ತವ ಭಾಗವೂ, ಅನಂತರ ಆರ್‌ಸಿಎಲ್ (ಮೆಮೊರಿಯ ಬೆಲೆ ತೋರಿಸುವ ಕೀಲಿ) ಮತ್ತು ಎಫ್ ಮೆಮೊರಿಯ ಕೀಲಿಯಾದ ಟ್ಯಾನ್ ಒತ್ತಿದರೆ ಕಾಲ್ಪನಿಕ ಭಾಗವೂ ದೊರೆಯುತ್ತವೆ. ಪರಿಮಾಣವನ್ನು ಕೋನದ ಕೊಸೈನ್ ಮತ್ತು ಸೈನ್‌ಗಳಿಂದ ಗುಣಿಸಿದ ಫಲಗಳನ್ನು ಯಂತ್ರವು ಒಮ್ಮೆಲೇ ಇ, ಎಫ್ ಮೆಮೊರಿಗಳಲ್ಲಿ ಇಡುವುದರಿಂದ, ಕೈಲೆಕ್ಕದಲ್ಲಿ ಸದಾ ಕಾಡುವ ಚಿಹ್ನೆಯ ತಪ್ಪು ಇಲ್ಲಿ ನುಸುಳುವುದಿಲ್ಲ: ತ್ರೀ ಫೇಸ್ ವಿದ್ಯುತ್ ಲೆಕ್ಕದ 230 ವೋಲ್ಟ್, −120 ಡಿಗ್ರಿಗೆ ನೇರವಾಗಿ −115 ಮತ್ತು −199.19 ಬರುತ್ತವೆ. ಆದರೆ ಯಂತ್ರ ಡಿಗ್ರಿಯ ಬದಲು ರೇಡಿಯನ್ (ಕೋನದ ಇನ್ನೊಂದು ಮಾನ) ಕ್ರಮದಲ್ಲಿದ್ದರೆ ವಾಸ್ತವ ಭಾಗ 187.26 ಎಂದು ತೋರಿ ದಾರಿ ತಪ್ಪಿಸುತ್ತದೆ. ಇ, ಎಫ್‌ಗಳಲ್ಲಿ ಮೊದಲೇ ಇದ್ದ ಬೆಲೆಗಳು ಅಳಿಯುತ್ತವೆ. ಉತ್ತರವನ್ನು ವರ್ಗಮೂಲದ ರೂಪದಲ್ಲೇ ಬರೆಯಬೇಕಾದ ಪರೀಕ್ಷೆಗೆ ಈ ದಶಮಾಂಶ ಉಪಯೋಗವಾಗದು.