ಸಾಲ ಅಲ್ಲ, ಚಿಲ್ಲರೆ

ಮಗಳು ನಾಲ್ಕನೇ ಕ್ಲಾಸು. ಒಂದು ಸಂಜೆ ನೋಟ್‌ಬುಕ್ಕಲ್ಲಿ 503 − 278 = 375 ಅಂತ ಬರೆದಿದ್ದಳು. ಹೇಗೆ ಮಾಡಿದೆ ಹೇಳು ಅಂದೆ. ಮೂರರಲ್ಲಿ ಎಂಟು ಹೋಗಲ್ಲ, ಅದಕ್ಕೆ ಎಂಟರಲ್ಲಿ ಮೂರು ಕಳೆದಳಂತೆ, ಐದು. ಸೊನ್ನೆಯಲ್ಲಿ ಏಳು ಹೋಗಲ್ಲ, ಏಳನ್ನೇ ಇಟ್ಟಳು. ಐದರಲ್ಲಿ ಎರಡು ಹೋದರೆ ಮೂರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಹೇಳಿಕೊಟ್ಟವರು ನಾವೇ ಅಲ್ವಾ?

ನಾನು ಕಲಿತದ್ದನ್ನೇ ಒಪ್ಪಿಸಿದೆ. "ಪಕ್ಕದ ಮನೆಯಿಂದ ಸಾಲ ತಗೋ."

"ಪಕ್ಕದಲ್ಲಿ ಸೊನ್ನೆ. ಅವರ ಹತ್ರಾನೇ ಇಲ್ವಲ್ಲಮ್ಮ."

"ಅದರಾಚೆ ಮನೆಯಿಂದ ತಗೋ."

"ವಾಪಸ್ ಯಾವಾಗ ಕೊಡೋದು?"

ಉತ್ತರ ಹೊಳೆಯಲಿಲ್ಲ. ರಾತ್ರಿ ಯೋಚಿಸಿದಾಗ ತಿಳಿಯಿತು, ಇಲ್ಲಿ ಸಾಲವೇ ಇಲ್ಲ. ಇರುವ ದುಡ್ಡನ್ನೇ ಚಿಲ್ಲರೆ ಮಾಡಿಸುತ್ತಿದ್ದೇವೆ. ಆದರೆ ನಮ್ಮ ಮನೆಯಲ್ಲಿ ಹಾಲಿಗೂ ಫೋನಲ್ಲೇ ದುಡ್ಡು. ಚಿಲ್ಲರೆ ಎಣಿಸಿ ಅವಳಿಗೆ ರೂಢಿಯೇ ಇಲ್ಲ.

ಹಳೇ ಕ್ಯಾಲೆಂಡರ್ ಕತ್ತರಿಸಿ ನೂರು, ಹತ್ತು, ಒಂದರ ಚೀಟಿ ಮಾಡಿದೆವು. ಅವಳ ಕೈಗೆ ಐದು ನೂರು, ಮೂರು ಬಿಡಿ ಕೊಟ್ಟೆ. ಹತ್ತರದ್ದು ಒಂದೂ ಇಲ್ಲ. ನಾನು ಅಂಗಡಿಯವಳು, 278 ಕೊಡು ಅಂದೆ. ಎಂಟು ಬಿಡಿ ಬೇಕು, ಇರೋದು ಮೂರೇ. ಒಂದು ನೂರು ಕೊಟ್ಟು ಹತ್ತರ ಹತ್ತು ಚೀಟಿ ತಗೊಂಡಳು. ಅದರಲ್ಲಿ ಒಂದನ್ನು ಕೊಟ್ಟು ಹತ್ತು ಬಿಡಿ ತಗೊಂಡಳು. ಇಲ್ಲಿ ತಡೆದು, ಈಗ ಒಟ್ಟು ಎಷ್ಟಿದೆ ಎಣಿಸು ಅಂದೆ. 400, 90, 13. "ಅಯ್ಯೋ, ಅಷ್ಟೇ ಇದೆ!" ಸೊನ್ನೆ ಒಂಬತ್ತಾಗಿದ್ದು ಯಾಕೆ ಅಂತ ಕೇಳುವ ಅಗತ್ಯವೇ ಬರಲಿಲ್ಲ. ಆಮೇಲೆ ಸುಲಭ: 13ರಲ್ಲಿ 8 ಹೋದರೆ 5, 9ರಲ್ಲಿ 7 ಹೋದರೆ 2, 4ರಲ್ಲಿ 2 ಹೋದರೆ 2. ಉಳಿದದ್ದು 225. ಅದಕ್ಕೆ 278 ಕೂಡಿಸಿ ತಾಳೆ ನೋಡಿದಳು, 503 ಬಂತು.

ಒಂದು ತಪ್ಪು ನಾನೂ ಮಾಡಿದೆ. ಎರಡೇ ದಿನಕ್ಕೆ ಚೀಟಿ ಎತ್ತಿಟ್ಟೆ, ಹಳೇ ತಪ್ಪು ಮತ್ತೆ ಬಂತು. ಮತ್ತೆ ಹೊರಗೆ ತೆಗೆದೆ. ಈ ಸಲ ಒಂದೊಂದು ಚೀಟಿ ಬದಲಾದಾಗಲೂ ನೋಟ್‌ಬುಕ್ಕಲ್ಲಿ ಆ ಅಂಕಿ ಹೊಡೆದು ಮೇಲೆ ಹೊಸದು ಬರೆಸಿದೆ. ಕೈ ಮಾಡಿದ್ದನ್ನೇ ಪೆನ್ಸಿಲ್ಲೂ ಮಾಡುತ್ತಾ ಹೋಯಿತು. ವಾರ ಕಳೆದ ಮೇಲೆ ಚೀಟಿ ಅವಳೇ ಕೇಳಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಅಪ್ಪ ನಕ್ಕರು. "ನಾವು ಸಾಲ ವಾಪಸ್ ಕೊಡ್ತಿದ್ವಿ ಕಣಮ್ಮ." ಅವರ ಲೆಕ್ಕದಲ್ಲಿ ಮೇಲಿನ 3ಕ್ಕೆ ಹತ್ತು ಸೇರಿ 13 ಆಗುತ್ತೆ, ಕೆಳಗಿನ 7ಕ್ಕೆ ಒಂದು ಸೇರಿ 8 ಆಗುತ್ತೆ. ಅದೇ ಸಾಲ ತೀರಿಸೋದು. ಮೇಲೆ ಹತ್ತು ಬಿಡಿ, ಕೆಳಗೆ ಒಂದು ಹತ್ತು. ಎರಡೂ ಕಡೆ ಸೇರಿಸಿದ್ದು ಒಂದೇ, ಹಾಗಾಗಿ ವ್ಯತ್ಯಾಸ ಬದಲಾಗಲ್ಲ. ಮುಂದಿನ ಮನೆಯಲ್ಲೂ ಹಾಗೇ, ಮೇಲಿನ ಸೊನ್ನೆ 10 ಆಗುತ್ತೆ, ಕೆಳಗಿನ 2 ಮೂರಾಗುತ್ತೆ. 10ರಲ್ಲಿ 8 ಹೋದರೆ 2, 5ರಲ್ಲಿ 3 ಹೋದರೆ 2. ಅದೇ 225. ಸೊನ್ನೆ ಇದ್ದರೂ ತೊಡಕಿಲ್ಲ, ನಿಜ ಹೇಳಬೇಕಂದ್ರೆ ನನ್ನದಕ್ಕಿಂತ ಚುರುಕು.

ಆದರೂ ಅವಳಿಗೆ ಈಗಲೇ ಹೇಳಬೇಡಿ ಅಂದೆ. ಎರಡು ದಾರಿ ಒಟ್ಟಿಗೆ ತೋರಿಸಿದರೆ ಅರ್ಧ ಇದು, ಅರ್ಧ ಅದು ಆಗುತ್ತೆ. ಮೊನ್ನೆ 4002 − 1567 ಒಬ್ಬಳೇ ಮಾಡಿ 2435 ತಂದಳು. ಈಗ ತಾತನ ಪಕ್ಕ ಸ್ಲೇಟು ಹಿಡಿದು ಕೂತಿದ್ದಾಳೆ.