ಮೊದಲ ರಿಕರ್ವ್ ಬಿಲ್ಲು: ಹಗುರವಾದದ್ದನ್ನೇ ಆರಿಸಿ

ಪುಣೆ, ಮುಂಬೈ ಕಡೆ ಬಿಲ್ಲುಗಾರಿಕೆ ಕಲಿಸುವ ಜಾಗ ಹುಡುಕುವಾಗ ಮರಾಠಿಯಲ್ಲಿ ‘ತಿರಂದಾಜಿ’ ಎಂದು ವಿಚಾರಿಸಿ, ಬೇಗ ತಿಳಿಯುತ್ತದೆ. ಆದರೆ ಸೇರಿದ ವಾರದಲ್ಲೇ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ಕೊಳ್ಳಲು ಅಂಗಡಿಗೆ ಓಡಬೇಡಿ. ಮೊದಲ ಒಂದೆರಡು ತಿಂಗಳು ತರಬೇತಿಯ ಬಿಲ್ಲಲ್ಲೇ ಅಭ್ಯಾಸ ಮಾಡಿ. ನಿಲುವು ಹದಕ್ಕೆ ಬರುವವರೆಗೆ ನೀವು ಹೆದೆಯನ್ನು ಎಷ್ಟು ದೂರ ಎಳೆಯುತ್ತೀರಿ ಎಂಬುದೇ ದಿನಕ್ಕೊಂದು ಥರ ಇರುತ್ತದೆ.

ಮೊದಲು ಕಣ್ಣು ನೋಡಿಕೊಳ್ಳಿ. ಎರಡೂ ಅಂಗೈ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗಡಿಯಾರವನ್ನು ಅದರೊಳಗಿಂದ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಗುರಿಯ ಕಣ್ಣು. ಬಲಗಣ್ಣಾದರೆ ‘ರೈಟ್ ಹ್ಯಾಂಡ್’ ಬಿಲ್ಲು. ಅದನ್ನು ಹಿಡಿಯುವುದು ಎಡಗೈಯಲ್ಲಿ, ಹೆದೆ ಎಳೆಯುವುದು ಬಲಗೈಯಲ್ಲಿ. ಇದು ತಲೆಕೆಳಗಾಗಿ ಅರ್ಥವಾಗಿ ತಪ್ಪು ಬಿಲ್ಲು ತಂದವರು ಬಹಳ.

ಆಮೇಲೆ ಉದ್ದ. ಎರಡೂ ತೋಳು ಅಗಲಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು, ಇಂಚಿನ ಲೆಕ್ಕವನ್ನು 2.5ರಿಂದ ಭಾಗಿಸಿ. 65 ಇಂಚು ಬಂದರೆ ನಿಮ್ಮ ಎಳೆತ ಸುಮಾರು 26 ಇಂಚು. 25–27ಕ್ಕೆ 66 ಇಂಚಿನ ಬಿಲ್ಲು, 27–29ಕ್ಕೆ 68, ಅದಕ್ಕೂ ಮೇಲಾದರೆ 70. ಬಿಲ್ಲು ಗಿಡ್ಡವಾದರೆ ಹೆದೆ ಚೂಪು ಕೋನದಲ್ಲಿ ಮಡಚಿ ಬೆರಳನ್ನು ಹಿಂಡುತ್ತದೆ. ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ ಉದ್ದದ್ದೇ ಒಳ್ಳೆಯದು.

ಪೌಂಡೇಜ್, ಅಂದರೆ ಹೆದೆ ಎಳೆಯಲು ಬೇಕಾದ ಬಲದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಒಲಿಂಪಿಕ್ಸ್‌ನಲ್ಲಿ 70 ಮೀಟರಿಗೆ ಹೊಡೆಯುವ ಗಂಡಸರು ಸಾಮಾನ್ಯವಾಗಿ 45–50 ಪೌಂಡ್ ಎಳೆಯುತ್ತಾರೆಂದು ಕೇಳಿ ನೇರ 32ಕ್ಕೆ ಕೈಹಾಕುತ್ತಾರೆ. ದೊಡ್ಡವರಿಗೆ ಮೊದಲಿಗೆ 18ರಿಂದ 24 ಪೌಂಡ್ ಸಾಕು, ಮಕ್ಕಳಿಗೆ 10ರಿಂದ 16. ಹತ್ತು, ಹದಿನೆಂಟು ಮೀಟರಿಗೆ ಇಷ್ಟು ಧಾರಾಳ. ಲಿಂಬ್ (ಬಿಲ್ಲಿನ ಬಾಗುವ ಮೇಲಿನ, ಕೆಳಗಿನ ತೋಳು) ಮೇಲೆ ಬರೆದಿರುವ ಅಂಕಿ 28 ಇಂಚು ಎಳೆದಾಗಿನದು. ಒಂದು ಇಂಚು ಕಡಿಮೆಯಾದರೆ ಸುಮಾರು 2 ಪೌಂಡ್ ಇಳಿಯುತ್ತದೆ. ಅಂದರೆ 26 ಇಂಚು ಎಳೆಯುವವರ ಬೆರಳಿಗೆ 24ರ ಲಿಂಬ್ ಕೊಡುವ ಭಾರ 20 ಪೌಂಡಿನ ಆಸುಪಾಸು. ಭಾರ ಮೀರಿದರೆ ಏನಾಗುತ್ತದೆ? ಬಿಲ್ಲು ಹಿಡಿದ ಭುಜ ಕಿವಿಯ ಕಡೆಗೆ ಏರುತ್ತದೆ, ಕೈ ಗದ್ದ ಮುಟ್ಟುವ ಮೊದಲೇ ಬಾಣ ಹೊರಟುಬಿಡುತ್ತದೆ, ಹೆದೆ ಮೊಣಕೈ ಒಳಭಾಗಕ್ಕೆ ಬಡಿಯುತ್ತದೆ. ಈ ತಪ್ಪು ಒಮ್ಮೆ ಮೈಗೂಡಿದರೆ ಬಿಡಿಸಲು ತಿಂಗಳುಗಳು ಬೇಕು. ಭುಜದ ನೋವು ಬೇರೆ. ಅಂಗಡಿಯಲ್ಲಿ ಪೂರ್ತಿ ಎಳೆದು, ಗದ್ದದ ಕೆಳಗೆ ಕೈ ನಿಲ್ಲಿಸಿ ನಿಧಾನ ಹತ್ತು ಎಣಿಸಿ. ನಡುಗಿದರೆ ಆ ಲಿಂಬ್ ಬೇಡ. ಎಳೆದದ್ದನ್ನು ಮೆಲ್ಲನೆ ಮುಂದಕ್ಕೆ ತನ್ನಿ. ಬಾಣವಿಲ್ಲದೆ ಹೆದೆ ಬಿಟ್ಟರೆ ಆ ಶಕ್ತಿಯೆಲ್ಲ ಲಿಂಬ್‌ಗೇ ಮರಳಿ ಅದು ಸೀಳಬಹುದು.

ಬಿಚ್ಚಿ ಜೋಡಿಸುವ ‘ಟೇಕ್‌ಡೌನ್’ ಬಿಲ್ಲನ್ನೇ ಕೊಳ್ಳಿ. ಬಲ ಬಂದಂತೆ ಲಿಂಬ್ ಮಾತ್ರ ಬದಲಿಸಬಹುದು, ಕೈಯಲ್ಲಿ ಹಿಡಿಯುವ ನಡುಭಾಗ, ಅಂದರೆ ರೈಸರ್, ಅದೇ. ಬಜೆಟ್ ಇದ್ದರೆ ‘ಐಎಲ್‌ಎಫ್’ (ಇಂಟರ್‌ನ್ಯಾಷನಲ್ ಲಿಂಬ್ ಫಿಟ್ಟಿಂಗ್) ಜೋಡಣೆಯ ರೈಸರ್ ಮೇಲು. ಬೇರೆ ಬೇರೆ ಕಂಪನಿಯ ಐಎಲ್‌ಎಫ್ ಲಿಂಬ್‌ಗಳು ಅದಕ್ಕೆ ಕೂರುತ್ತವೆ. ಮರದ ರೈಸರ್ ಅಗ್ಗ, ಕಲಿಯಲು ಅದೂ ಸರಿಯೇ.

ಕೊಳ್ಳುವ ಮೊದಲು, ಹಳೆಯ ಬಿಲ್ಲಾದರಂತೂ, ಹೆದೆ ಏರಿಸಿ ಕುರ್ಚಿಗೆ ಒರಗಿಸಿ ಹಿಂದಿನಿಂದ ನೋಡಿ. ಹೆದೆ ಎರಡೂ ಲಿಂಬ್‌ಗಳ ನಟ್ಟನಡುವೆ ಇಳಿಯಬೇಕು. ಒಂದು ಬದಿಗೆ ವಾಲಿದರೆ ಲಿಂಬ್ ತಿರುಚಿದೆ ಅಥವಾ ಸರಿಯಾಗಿ ಕೂತಿಲ್ಲ. ಲಿಂಬ್ ಅಂಚಿನ ಮೇಲೆ ಹತ್ತಿಯ ಉಂಡೆ ಸವರಿ. ಎಳೆ ಸಿಕ್ಕಿಕೊಂಡ ಕಡೆ ಸೀಳು ಇರಬಹುದು.

ಬಾಣ ನಿಮ್ಮ ಎಳೆತಕ್ಕಿಂತ ಎರಡು ಇಂಚು ಉದ್ದವಿರಲಿ. ಗಿಡ್ಡ ಬಾಣ ತಾನು ಕೂರುವ ರೆಸ್ಟಿನಿಂದ ಹಿಂದಕ್ಕೆ ಜಾರಿದರೆ ಕೈಗೇ ಅಪಾಯ. ತೋಳಿಗೆ ಆರ್ಮ್‌ಗಾರ್ಡ್, ಬೆರಳಿಗೆ ಟ್ಯಾಬ್, ಹೆದೆ ಏರಿಸಲು ಬೌ ಸ್ಟ್ರಿಂಗರ್ ಇವು ಮೂರನ್ನೂ ಅದೇ ದಿನ ತನ್ನಿ. ಸ್ಟ್ರಿಂಗರ್ ಇಲ್ಲದೆ ಕಾಲಿಗೆ ಒತ್ತಿ ಹೆದೆ ಏರಿಸಿದರೆ ಲಿಂಬ್ ತಿರುಚುತ್ತದೆ.

ನಮ್ಮ ಕರಾವಳಿ ಮಳೆಗಾಲ ಮರದ ರೈಸರಿಗೆ ಒಳ್ಳೆಯದಲ್ಲ. ಒದ್ದೆಯಾದರೆ ಒರೆಸಿ, ಹೆದೆ ಇಳಿಸಿ, ಲಿಂಬ್ ಬಿಚ್ಚಿ ಒಣಗಿದ ಮೇಲೆ ಚೀಲಕ್ಕೆ ಹಾಕಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಲಿಂಬ್‌ನ ಅಂಟು ಸಡಿಲವಾಗುತ್ತದೆ. ಸೊಸೈಟಿಯ ಟೆರೇಸು, ಪಾರ್ಕಿಂಗಿನಲ್ಲಿ ಒಂದೇ ಒಂದು ಬಾಣವನ್ನೂ ಬಿಡಬೇಡಿ. 20 ಪೌಂಡಿನ ಬಿಲ್ಲಿನಿಂದ ಹೊರಟ ಬಾಣವೂ ಮನುಷ್ಯನ ಮೈಗೆ ನಾಟುತ್ತದೆ.