ಬದಿಯಡ್ಕದ ಶೆಡ್ಡಿನಲ್ಲಿ ಅರ್ಧ ಮೈಕ್ರಾನಿನ ಲೆನ್ಸ್

"ಎಂತ ಮಾರಾಯ, ಧೂಳಿಲ್ಲದ ಕ್ಲೀನ್‌ರೂಮ್ ಇಲ್ಲದೆ ಆಗುವ ಕೆಲಸವಾ ಇದು?" ಎಂದು ಎರಡು ವರ್ಷ ಕೇಳಿದ ಗೆಳೆಯರೇ ಈಗ ನನಗೂ ಒಂದು ಸ್ಲೈಡ್ ಕೊಡು ಎನ್ನುತ್ತಿದ್ದಾರೆ. ಬದಿಯಡ್ಕದಲ್ಲಿ ನಮ್ಮ ಮನೆಯ ಹಿಂದೆ ಅಡಿಕೆ ಮೂಟೆ ಇಡುವ ಶೆಡ್ಡಿನ ಒಂದು ಮೂಲೆಯಲ್ಲೇ, ಗಾಜಿನ ಸ್ಲೈಡಿನ ಮೇಲೆ ಫ್ರೆನೆಲ್ ಝೋನ್ ಪ್ಲೇಟ್ ಆಯಿತು. ಒಂದರೊಳಗೊಂದು ಇರುವ ಸಪೂರ ಉಂಗುರಗಳಿಂದ ಬೆಳಕನ್ನು ಒಂದು ಕಡೆ ಸೇರಿಸುವ ಚಪ್ಪಟೆ ಲೆನ್ಸ್ ಅದು. ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಗುರಿ ಇಷ್ಟೇ: 650 ನ್ಯಾನೋಮೀಟರಿನ ಕೆಂಪು ಲೇಸರ್, 50 ಸೆಂ.ಮೀ. ಫೋಕಸ್, 20 ಮಿ.ಮೀ. ಅಗಲ. ಉಂಗುರಗಳು ಮುನ್ನೂರು ಚಿಲ್ಲರೆ ಬರುತ್ತವೆ. ತೀರಾ ಅಂಚಿನದ್ದರ ಅಗಲ ಬರೇ 16 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತೊಂದರೆ ಕೊಟ್ಟಿದ್ದೆಲ್ಲ ಈ 16 ಮೈಕ್ರಾನ್.

ಉಂಗುರಗಳ ಚಿತ್ರ ತೆಗೆಯಲು ಮೊದಲು ಲೇಸರ್ ಪ್ರಿಂಟರಿನಲ್ಲಿ ಪಾರದರ್ಶಕ ಓಎಚ್‌ಪಿ ಹಾಳೆ. 1200 ಡಿಪಿಐ (ಇಂಚಿಗೆ 1200 ಚುಕ್ಕೆ) ಎಂದರೆ ಒಂದು ಚುಕ್ಕೆಯೇ 21 ಮೈಕ್ರಾನ್, ಆಗುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಅಂಚೆಲ್ಲ ಮಸಿ. ಆಮೇಲೆ ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಫಿಲ್ಮ್ ತೆಗೆಸಿದೆ. ಅಲ್ಲಿ 2400ರದ್ದು ಮಾತ್ರ ಇತ್ತು. ಲೆನ್ಸಿನೊಳಗೆ ನಾನು ಬರೆಯದ ಪುಟ್ಟ ಪುಟ್ಟ ಉಂಗುರಗಳು ಎದ್ದವು. 3600 ಡಿಪಿಐ ಇದ್ದ ಇನ್ನೊಂದು ಕಡೆ ಹೋದೆ. ನಾನು ಕೊಟ್ಟ ಫೈಲಿನ ಅಂಚುಗಳಲ್ಲಿ ಬೂದು ಬಣ್ಣ ಇತ್ತು, ಅವರ ಆರ್‌ಐಪಿ (ಫೈಲನ್ನು ಪ್ರಿಂಟಿನ ಚುಕ್ಕೆಗಳಾಗಿ ಮಾಡುವ ಸಾಫ್ಟ್‌ವೇರ್) ಆ ಬೂದು ಜಾಗಕ್ಕೆಲ್ಲ ಚುಕ್ಕೆ ಚುಕ್ಕೆಯ ಹಾಫ್‌ಟೋನ್ ಸ್ಕ್ರೀನ್ ಹಾಕಿಬಿಟ್ಟಿತು. ದುಡ್ಡು ಹೋಯಿತು. ಒಂದು ಬಿಟ್ಟಿನ ಟಿಫ್ (ಬೂದು ಇಲ್ಲದ, ಬರೀ ಕಪ್ಪು ಬಿಳುಪಿನ ಫೈಲ್) ಅಲ್ಲದೆ ಬೇರೇನೂ ಕೊಡಬೇಡಿ. ನಾಲ್ಕು ಸಲದ ಫಿಲ್ಮಿಗೆ ಸುಮಾರು 2,500 ರೂಪಾಯಿ, ಬಸ್ ಖರ್ಚು ಬೇರೆ.

ಸ್ಲೈಡಿಗೆ ರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ಲೇಪ) ಬಳಿದು, ಅದರ ಮೇಲೆ ಫಿಲ್ಮ್ ಒತ್ತಿಟ್ಟು ಬೆಳಕು ಬಿಡುವುದೇ ಕಾಂಟ್ಯಾಕ್ಟ್ ಪ್ರಿಂಟ್. ಆಗ ಫಿಲ್ಮಿನ ಎಮಲ್ಷನ್ ಬದಿ, ಅಂದರೆ ಚಿತ್ರ ಮೂಡಿದ ಬದಿ, ರೆಸಿಸ್ಟಿಗೆ ತಾಗಿರಬೇಕು ಅಲ್ವಾ? ನಾನು ಒಂದು ಇಡೀ ವಾರ ತಿರುಗಾಮುರುಗಾ ಇಟ್ಟಿದ್ದೆ. ಫಿಲ್ಮಿನ ದಪ್ಪ ನಡುವೆ ಬಂದರೆ ಅಂಚಿನ ಉಂಗುರ ಉಳಿಯುವುದೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಆಟಿ ತಿಂಗಳ ಮಳೆ. ಉಂಗುರ ಮೂಡಿಸಲು ಡೆವಲಪರ್ ದ್ರವಕ್ಕೆ ಇಳಿಸಿದ ಕೂಡಲೇ ರೆಸಿಸ್ಟ್ ಸಿಪ್ಪೆಯ ಹಾಗೆ ಏಳುತ್ತಿತ್ತು. ಸುಮಾರು 7,000 ಕೊಟ್ಟು ತರಿಸಿದ ಸೀಸೆಯಲ್ಲಿ ಅರ್ಧ ಹೀಗೇ ಚರಂಡಿ ಸೇರಿತು. ಗಾಜು ಒಣಗಿ ಕಾಣುತ್ತದೆ, ಆದರೆ ಅದರ ಮೈಯಲ್ಲಿ ನೀರಿನ ಪಸೆ ಇರುತ್ತದೆ. ಹಳೆಯ ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ, ಸುಮಾರು 150 ಡಿಗ್ರಿಯಲ್ಲಿ ಸ್ಲೈಡನ್ನು ಅರ್ಧ ಗಂಟೆ ಕಾಯಿಸಿದೆ. ಸಿಲಿಕಾ ಜೆಲ್ ಹಾಕಿದ ಬಿಸ್ಕತ್ತು ಡಬ್ಬಿಯಲ್ಲಿ ತಣಿಸಿ, ತೆಗೆದ ಕೂಡಲೇ ಕೋಟಿಂಗ್. ಅಂದಿನಿಂದ ಒಂದೂ ಏಳಲಿಲ್ಲ. ಸ್ಪಿನ್ನರ್ (ರೆಸಿಸ್ಟ್ ತೆಳ್ಳಗೆ ಹರಡಲು ಸ್ಲೈಡನ್ನು ಗಿರಗಿರ ತಿರುಗಿಸುವಂಥದ್ದು) ಹಾರ್ಡ್‌ಡಿಸ್ಕ್ ಮೋಟಾರಿನದ್ದು, ಬೆಳಕು 405 ನ್ಯಾನೋಮೀಟರಿನ ಎಲ್ಇಡಿ, ಡೆವಲಪರ್ ಲೀಟರಿಗೆ 7 ಗ್ರಾಂ ಆಸುಪಾಸು ಕಾಸ್ಟಿಕ್ ಸೋಡಾ.

ರೆಸಿಸ್ಟ್ ದಪ್ಪ ಅರ್ಧ ಮೈಕ್ರಾನಿಗೆ ಸ್ವಲ್ಪ ಮೇಲೆ ಬರಬೇಕು, ಅದನ್ನು ದಾಟುವ ಬೆಳಕು ಅರ್ಧ ಅಲೆ ಹಿಂದೆ ಬೀಳುವಷ್ಟು. ಅಳೆಯಲು ನನ್ನಲ್ಲಿ ಯಂತ್ರವಿಲ್ಲ. ಬೇರೆ ಬೇರೆ ವೇಗದಲ್ಲಿ ಎಂಟು ಸ್ಲೈಡ್ ಮಾಡಿ, ಬಾಗದೆ ನೇರ ದಾಟಿ ಬರುವ ಬೆಳಕು ಯಾವುದರಲ್ಲಿ ತೀರಾ ಮಂಕು ಎಂದು ನೋಡಿದೆ. ಅದೇ ಸರಿಯಾದ ದಪ್ಪ. ಈ ಉಪಾಯ ನನ್ನದೇ ತಲೆಯಿಂದ ಬಂದದ್ದು, ಹೆಮ್ಮೆ ಇದೆ. ಥಿನ್ನರ್ ಎಷ್ಟು ಬೆರೆಸಿದೆ, ಫೈಲಿನಲ್ಲಿ ಕಪ್ಪು ಉಂಗುರವನ್ನು ಎಷ್ಟು ಅಗಲ ಮಾಡಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಫೋಟೋಡಯೋಡಿನಲ್ಲಿ ಅಳೆದಾಗ ಫೋಕಸ್ಸಿಗೆ ಬಂದದ್ದು ಬಿದ್ದ ಬೆಳಕಿನ ಸುಮಾರು 33 ಶೇಕಡಾ. ಎರಡು ಮಟ್ಟದ (ಲೇಪ ಇರುವ ಉಂಗುರ, ಇಲ್ಲದ ಉಂಗುರ, ಎರಡೇ ಎತ್ತರದ) ಲೆನ್ಸಿಗೆ ಲೆಕ್ಕದ ಮಿತಿಯೇ 40.5. ಬರೀ ಕಪ್ಪು ಬಿಳುಪು ಫಿಲ್ಮಿನಲ್ಲಿ ನನಗೆ 8 ದಾಟಿರಲಿಲ್ಲ. ಲೆನ್ಸ್ ಕಿತ್ತ ವೆಬ್‌ಕ್ಯಾಮಿನಲ್ಲಿ ನೋಡಿದರೆ ಚುಕ್ಕೆ 50 ಮೈಕ್ರಾನ್ ಹತ್ತಿರ. ಹಸಿರು 532 ಲೇಸರ್ ಹಾಕಿದೆ, ಫೋಕಸ್ 61 ಸೆಂ.ಮೀ.ಗೆ ಓಡಿತು. ಲೆಕ್ಕ ಹೇಳಿದ್ದೂ ಅಷ್ಟೇ. ಆ ದಿನ ನಿದ್ದೆ ಬರಲಿಲ್ಲ.

ಉಳಿದ ಫಿಲ್ಮಿನಲ್ಲಿ 13 ಉಂಗುರದ ಪುಟ್ಟ ಪ್ಲೇಟ್ ಕತ್ತರಿಸಿ ಕ್ಯಾಮೆರಾದಲ್ಲಿ ಲೆನ್ಸ್ ಇರುವ ಜಾಗಕ್ಕೆ ಅಂಟಿಸಿದೆ. ಫೋಕಸ್ 6 ಸೆಂ.ಮೀ. ಅನಂತಪುರದ ಕೆರೆಯ ನಡುವಿನ ದೇವಸ್ಥಾನ ಮಂಜಿನೊಳಗೆ ದೀಪ ಹಚ್ಚಿದ ಹಾಗೆ ಬಂತು. ಮನೆಯವರಿಗೆ ಲೆನ್ಸಿಗಿಂತ ಅದೇ ಇಷ್ಟವಾಯಿತು.

ಒಟ್ಟು 22-23 ಸಾವಿರ ಆಗಿರಬಹುದು. ಈಗ ನಾಲ್ಕು ಮಟ್ಟದ್ದಕ್ಕೆ ಕೈ ಹಾಕಿದ್ದೇನೆ, ಲೆಕ್ಕದಲ್ಲಿ 81 ಶೇಕಡಾ ಸಿಗಬೇಕು. ಎರಡನೇ ಫಿಲ್ಮನ್ನು ಮೊದಲನೆಯದರ ಮೇಲೆ ಕೂರಿಸುವಾಗ 10 ಮೈಕ್ರಾನ್ ಜಾರುತ್ತಿದೆ. ಹಳೆಯ ಮೈಕ್ರೋಸ್ಕೋಪಿನ ಸ್ಟೇಜ್ ಒಂದನ್ನು ಕಾಸರಗೋಡಿನಿಂದ 1,800ಕ್ಕೆ ತಂದಿದ್ದೇನೆ. ಅದರ ಸ್ಕ್ರೂ ಬಿಗಿ ಮಾಡುತ್ತಾ ಕೂತಿದ್ದೇನೆ.